ಒಂದು ಪಾಯಿಂಟ್‌ನ ಚಿನ್ನ, ಅರ್ಧ ಮಿಲಿಮೀಟರ್‌ನ ನಾಲ್ಕನೇ ಸ್ಥಾನ

ಪ್ರಶ್ನೆ: ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ನಮ್ಮ ತಂಡ ಒಂದೇ ಪಾಯಿಂಟ್‌ನಿಂದ ಚೀನಾವನ್ನು ಹಿಂದೆ ಹಾಕಿ ಚಿನ್ನ ಗೆದ್ದಿತು. ಅದೇ ದಿನ ಅದೇ ತಂಡದ ಸರಬ್ಜೋತ್ ಸಿಂಗ್ ವೈಯಕ್ತಿಕ ವಿಭಾಗದಲ್ಲಿ ನಾಲ್ಕನೆಯವರಾದರು. ಚಿನ್ನದ ತಂಡದ ಮೊದಲ ಶೂಟರ್‌ಗೆ ಕಂಚೂ ಇಲ್ಲ ಅಂದರೆ ಏನರ್ಥ? ಪಿಸ್ತೂಲ್ ಕಲಿಯುತ್ತಿರುವ ನನ್ನ ಮಗನದೂ ಹೆಚ್ಚುಕಡಿಮೆ ಇದೇ ಕಥೆ. ಅರ್ಹತಾ ಸುತ್ತಿನಲ್ಲಿ ಚೆನ್ನಾಗಿ ಹೊಡೆಯುತ್ತಾನೆ, ಫೈನಲ್‌ಗೆ ಹೋದರೆ ಕುಸಿಯುತ್ತಾನೆ. ಅವನಿಗೆ ಧೈರ್ಯ ಸಾಲದಾ?
– ಒಬ್ಬ ಓದುಗರು, ಹಾಸನ

ಉತ್ತರ: ನಿಮ್ಮ ಮಗನ ಧೈರ್ಯದ ಬಗ್ಗೆ ಈಗಲೇ ತೀರ್ಮಾನಕ್ಕೆ ಬರಬೇಡಿ. ಅರ್ಹತಾ ಸುತ್ತು ಮತ್ತು ಫೈನಲ್ ಒಂದೇ ಸ್ಪರ್ಧೆಯ ಎರಡು ಭಾಗ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನಿಜವಾಗಿ ಅವು ಎರಡು ಬೇರೆ ಆಟಗಳು. ಪಿಸ್ತೂಲ್ ಅದೇ, ಗುರಿ ಅದೇ, ದೂರವೂ ಅದೇ. ಆದರೆ ಅಂಕ ಎಣಿಸುವ ರೀತಿ ಬೇರೆ. ಹಾಗಾಗಿ ಹೊಡೆಯುವವನ ಮೇಲೆ ಬೀಳುವ ಒತ್ತಡವೂ ಬೇರೆ. ಹಾಂಗ್‌ಝೌನಲ್ಲಿ ನಡೆದದ್ದನ್ನೇ ಇಟ್ಟುಕೊಂಡು ನೋಡೋಣ.

ಆ ಸ್ಪರ್ಧೆ ನಡೆದದ್ದು 2023ರ ಸೆಪ್ಟೆಂಬರ್ 28ರಂದು, ಫುಯಾಂಗ್‌ನ ಯಿನ್ಹು ಕ್ರೀಡಾ ಕೇಂದ್ರದಲ್ಲಿ. ಏಷ್ಯನ್ ಗೇಮ್ಸ್‌ನಲ್ಲಿ ಈ ವಿಭಾಗದ ತಂಡದ ಪದಕಕ್ಕಾಗಿ ಯಾರೂ ಬೇರೆಯಾಗಿ ಗುಂಡು ಹೊಡೆಯುವುದಿಲ್ಲ. ಒಂದು ದೇಶದ ಮೂವರು ಅರ್ಹತಾ ಸುತ್ತಿನಲ್ಲಿ ತಲಾ 60 ಶಾಟ್ ಹೊಡೆಯುತ್ತಾರೆ, ಮೂವರ ಅಂಕವನ್ನೂ ಕೂಡಿಸುತ್ತಾರೆ, ಅಷ್ಟೆ. ಸರಬ್ಜೋತ್ 580, ಅರ್ಜುನ್ ಸಿಂಗ್ ಚೀಮಾ 578, ಶಿವ ನರ್ವಾಲ್ 576. ಒಟ್ಟು 1734. ಚೀನಾ 1733, ವಿಯೆಟ್ನಾಂ 1730. ಅಂದರೆ ವೈಯಕ್ತಿಕ ಫೈನಲ್ ಶುರುವಾಗುವ ಮೊದಲೇ ತಂಡದ ಚಿನ್ನ ನಮ್ಮದಾಗಿತ್ತು. ಸರಬ್ಜೋತ್ ಮತ್ತು ಚೀಮಾ ಫೈನಲ್‌ಗೆ ಹೋದದ್ದು ಅದಾದ ಮೇಲೆ. ಚೀಮಾ ಎಂಟನೆಯವರಾದರು, ಸರಬ್ಜೋತ್ ನಾಲ್ಕನೆಯವರು. ಫೈನಲ್‌ನಲ್ಲಿ ಅವರು ಏನೇ ಹೊಡೆದಿದ್ದರೂ ತಂಡದ ಚಿನ್ನಕ್ಕೆ ಏನೂ ಆಗುತ್ತಿರಲಿಲ್ಲ.

ಆ ಒಂದು ಪಾಯಿಂಟ್ ಎಷ್ಟು ಸಣ್ಣದು ಅಂತ ನೋಡಿ. ಮೂವರು ಸೇರಿ 180 ಶಾಟ್, ಗರಿಷ್ಠ 1800 ಅಂಕ. ನಾವು ಕಳೆದುಕೊಂಡದ್ದು 66, ಚೀನಾ 67. ನಮ್ಮ ಹತ್ತುಗಳಲ್ಲಿ ಯಾವುದಾದರೂ ಒಂದು ಕೂದಲೆಳೆಯಷ್ಟು ಆಚೆ ಬಿದ್ದಿದ್ದರೂ ಎರಡೂ ತಂಡ ಸಮ. ಸಮವಾದರೆ ಇನ್ನರ್ ಟೆನ್ ಎಣಿಸುತ್ತಾರೆ. ಹತ್ತರ ವೃತ್ತದೊಳಗೆ ಇನ್ನೂ ಒಂದು ಪುಟ್ಟ ವೃತ್ತ ಇದೆ. ಅದಕ್ಕೆ ತಾಗಿದ ಗುಂಡುಗಳು ಯಾರವು ಜಾಸ್ತಿಯೋ ಅವರು ಮುಂದೆ.

ಈ ಎಣಿಕೆಯ ಬಿಸಿ ನಮಗೆ ಮೊದಲೇ ತಟ್ಟಿದೆ. 2014ರ ಇಂಚೋನ್ ಏಷ್ಯನ್ ಗೇಮ್ಸ್‌ನಲ್ಲಿ ಇದೇ ವಿಭಾಗಕ್ಕೆ ಜಿತು ರಾಯ್, ಸಮರೇಶ್ ಜಂಗ್ ಮತ್ತು ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಇಳಿದಿದ್ದರು. 585, 580, 578. ಒಟ್ಟು 1743. ಚೀನಾದ್ದೂ 1743. ದಕ್ಷಿಣ ಕೊರಿಯಾ 1744. ಚಿನ್ನ ಒಂದು ಪಾಯಿಂಟ್ ದೂರದಲ್ಲಿತ್ತು, ಬೆಳ್ಳಿ ಸಮದಲ್ಲಿತ್ತು. ಇನ್ನರ್ ಟೆನ್ ಎಣಿಸಿದಾಗ ಚೀನಾದ್ದು ಜಾಸ್ತಿ ಇತ್ತು, ನಮಗೆ ಕಂಚು ಬಂತು. ಹಾಂಗ್‌ಝೌನ 1734 ಕಂಡಾಗ ನನಗೆ ಮೊದಲು ನೆನಪಾದದ್ದು ಆ 1743.

ಈಗ ಗುರಿಯನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಏರ್ ಪಿಸ್ತೂಲ್ ಗುರಿಯಲ್ಲಿ ಹತ್ತರ ವೃತ್ತದ ಅಡ್ಡಳತೆ 11.5 ಮಿ.ಮೀ. ಒಳಗಿನ ಇನ್ನರ್ ಟೆನ್ 5 ಮಿ.ಮೀ. ಪೆಲೆಟ್, ಅಂದರೆ ಏರ್ ಪಿಸ್ತೂಲಿನ ಪುಟ್ಟ ಗುಂಡಿನ ದಪ್ಪ 4.5 ಮಿ.ಮೀ. ಪೆಲೆಟ್‌ನ ಅಂಚು ಗೆರೆಗೆ ತಾಗಿದರೂ ಹತ್ತು ಸಿಗುತ್ತದೆ. ಲೆಕ್ಕ ಹಾಕಿದರೆ, ಪೆಲೆಟ್‌ನ ನಡುಬಿಂದು ಗುರಿಯ ನಡುವಿನಿಂದ 8 ಮಿ.ಮೀ. ಒಳಗಿದ್ದರೆ ಅದು ಹತ್ತು. ಅಲ್ಲಿಂದ ಹೊರಗೆ ಪ್ರತಿ 8 ಮಿ.ಮೀ.ಗೆ ಒಂದೊಂದು ಅಂಕ ಕಡಿಮೆ. ಎಲೆಕ್ಟ್ರಾನಿಕ್ ಗುರಿ ಈ 8 ಮಿ.ಮೀ.ಯನ್ನು ಮತ್ತೆ ಹತ್ತು ಭಾಗ ಮಾಡಿ ದಶಮಾಂಶದಲ್ಲಿ ಅಂಕ ಕೊಡುತ್ತದೆ. 0.1 ಅಂದರೆ 0.8 ಮಿ.ಮೀ. ಅಂಚಿಗೆ ತಾಗಿದ ಹತ್ತು 10.0, ನಟ್ಟನಡುವೆ ಬಿದ್ದದ್ದು 10.9.

ಅರ್ಹತಾ ಸುತ್ತಿನಲ್ಲಿ ಪಿಸ್ತೂಲ್‌ನವರಿಗೆ ಈ ದಶಮಾಂಶ ಲೆಕ್ಕಕ್ಕಿಲ್ಲ. 10.0 ಕೂಡ ಹತ್ತು, 10.9 ಕೂಡ ಹತ್ತು. ಆದರೆ 9.9 ಮಾತ್ರ ಒಂಬತ್ತು! ಮೊದಲೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದವನೂ 90 ಬಂದವನೂ ಪಾಸ್, 34 ಬಂದವನು ಫೇಲ್ ಅನ್ನುತ್ತಿದ್ದ ಹಾಗೆ. ಇಲ್ಲಿ ಶೂಟರ್‌ನ ಕೆಲಸ ಒಂದೇ: ಒಂಬತ್ತುಗಳನ್ನು ಕಡಿಮೆ ಮಾಡುವುದು, ಎಂಟು ಬೀಳದ ಹಾಗೆ ನೋಡಿಕೊಳ್ಳುವುದು. ಹತ್ತರ ಒಳಗೆ ಎಲ್ಲಿ ಬಿದ್ದರೂ ಚಿಂತೆಯಿಲ್ಲ, ಸಮ ಆದಾಗ ಬಿಟ್ಟು. 75 ನಿಮಿಷ ಸಮಯ ಇರುತ್ತದೆ. ಕೈ ಎತ್ತಿದ್ದು ಸರಿ ಬರಲಿಲ್ಲ ಅನಿಸಿದರೆ ಇಳಿಸಿ, ಉಸಿರು ತಗೊಂಡು, ನೀರು ಕುಡಿದು ಮತ್ತೆ ಎತ್ತಬಹುದು. ಯಾರೂ ಹೊಡಿ ಹೊಡಿ ಅನ್ನುವುದಿಲ್ಲ.

ಫೈನಲ್‌ನಲ್ಲಿ ಇದೆಲ್ಲ ತಲೆಕೆಳಗು. ಎಂಟೇ ಜನ. ಅರ್ಹತಾ ಸುತ್ತಿನ ಅಂಕ ಅಳಿಸಿಹೋಗುತ್ತದೆ, ಎಲ್ಲರೂ ಸೊನ್ನೆಯಿಂದ ಶುರು. 2012ರ ಲಂಡನ್ ಒಲಿಂಪಿಕ್ಸ್‌ವರೆಗೆ ಏರ್ ಪಿಸ್ತೂಲ್‌ನಲ್ಲಿ ಹಾಗಿರಲಿಲ್ಲ. ಅರ್ಹತಾ ಸುತ್ತಿನ ಅಂಕಕ್ಕೆ ಫೈನಲ್‌ನ 10 ಶಾಟ್ ಸೇರಿಸುತ್ತಿದ್ದರು. 2013ರಿಂದ ನಿಯಮ ಬದಲಾಯಿತು. ನೋಡುವವರಿಗೆ ಈಗಿನದೇ ರೋಚಕ, ಒಪ್ಪುತ್ತೇನೆ. ಆದರೂ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತು 60 ಶಾಟ್ ಹೊಡೆದು ಮೊದಲು ಬಂದವನಿಗೆ ಅದರ ಫಲ ಸ್ವಲ್ಪವಾದರೂ ಸಿಗಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಹಾಂಗ್‌ಝೌ ಫೈನಲ್ 24 ಶಾಟ್‌ನದು. ಮೊದಲು ಐದೈದು ಶಾಟ್‌ನ ಎರಡು ಸರಣಿ. ಆಮೇಲೆ ಒಂದೊಂದೇ ಶಾಟ್, ಪ್ರತಿಯೊಂದಕ್ಕೂ 50 ಸೆಕೆಂಡ್. 12ನೇ ಶಾಟ್ ಮುಗಿದಾಗ ಕೊನೆಯಲ್ಲಿದ್ದವರು ಔಟ್, ಆಮೇಲೆ ಪ್ರತಿ ಎರಡು ಶಾಟ್‌ಗೆ ಒಬ್ಬರು ಔಟ್. ದಶಮಾಂಶ ಲೆಕ್ಕಕ್ಕೆ ಬರುತ್ತದೆ. ಅರ್ಹತಾ ಸುತ್ತಿನಲ್ಲಿ ನೂರಕ್ಕೆ ನೂರು ಕೊಡುತ್ತಿದ್ದ 10.0 ಇಲ್ಲಿ 10.8ರ ಮುಂದೆ ಸೋಲು. ಅಲ್ಲಿ ಒಂದು ಪೂರ್ತಿ ಅಂಕ ಕಿತ್ತುಕೊಳ್ಳುತ್ತಿದ್ದ 9.9 ಇಲ್ಲಿ ಅಂಥ ದೊಡ್ಡ ನಷ್ಟವಲ್ಲ.

ಈಗ ಸರಬ್ಜೋತ್ ಅವರ ಲೆಕ್ಕ. ಅವರು 20 ಶಾಟ್‌ಗೆ 199.0 ಅಂಕ ಪಡೆದು ಹೊರಬಿದ್ದರು. ಸರಾಸರಿ 9.95. ಚಿನ್ನ ಗೆದ್ದ ವಿಯೆಟ್ನಾಂನ ಫಾಮ್ ಕ್ವಾಂಗ್ ಹುಯ್ 24 ಶಾಟ್‌ಗೆ 240.5 ಪಡೆದರು. ಸರಾಸರಿ 10.02. ಏಷ್ಯನ್ ಗೇಮ್ಸ್ ಶೂಟಿಂಗ್‌ನಲ್ಲಿ ಅವರ ದೇಶಕ್ಕೆ ಅದೇ ಮೊದಲ ಚಿನ್ನ. ಇಬ್ಬರ ನಡುವಿನ ಅಂತರ ಶಾಟ್ ಒಂದಕ್ಕೆ 0.07. ಮಿಲಿಮೀಟರ್‌ಗೆ ತಿರುಗಿಸಿದರೆ ಅರ್ಧ ಮಿ.ಮೀ.ಗಿಂತ ಒಂಚೂರು ಜಾಸ್ತಿ. ಹತ್ತು ಮೀಟರ್ ದೂರದಲ್ಲಿ, ಒಂದೇ ಕೈಯಲ್ಲಿ ಹಿಡಿದ ಪಿಸ್ತೂಲಿನಿಂದ ಹೊಡೆದಾಗ ಆಗುವ ಅಂತರ ಇದು. ಇದನ್ನು 'ಕುಸಿತ' ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ಇಲ್ಲಿ ನಿಮಗೆ ಒಂದು ಅನುಮಾನ ಬರಬಹುದು. 60 ಶಾಟ್‌ಗೆ 580 ಅಂದರೆ ಸರಾಸರಿ 9.67 ಮಾತ್ರ. ಫೈನಲ್‌ನಲ್ಲಿ 9.95 ಹೊಡೆದರು ಅಂದಮೇಲೆ ಫೈನಲ್‌ನಲ್ಲೇ ಚೆನ್ನಾಗಿ ಆಡಿದರಲ್ವಾ? ಇಲ್ಲ. ಅರ್ಹತಾ ಸುತ್ತಿನಲ್ಲಿ ದಶಮಾಂಶವನ್ನು ಕತ್ತರಿಸಿ ಎಸೆಯುವುದರಿಂದ ಹಾಗೆ ಕಾಣುತ್ತದೆ ಅಷ್ಟೆ. ಎರಡೂ ಅಂಕಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬಾರದು. ನಿಮ್ಮ ಮಗನ ಅಂಕ ನೋಡುವಾಗಲೂ ಇದು ನೆನಪಿರಲಿ.

ಅರ್ಹತಾ ಸುತ್ತಿನ ಸ್ಥಾನ ಫೈನಲ್‌ಗೆ ಬಂದು ತಿರುವುಮುರುವಾದದ್ದು ಹೊಸದೇನಲ್ಲ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಇದೇ ವಿಭಾಗದಲ್ಲಿ ಓಂ ಮಿಥರ್ವಾಲ್ 584 ಹೊಡೆದು ಮೊದಲು ಬಂದರು. ಜಿತು ರಾಯ್ 570, ನಾಲ್ಕನೆಯವರು. ಹದಿನಾಲ್ಕು ಪಾಯಿಂಟ್ ವ್ಯತ್ಯಾಸ ಈ ಆಟದಲ್ಲಿ ಬೆಟ್ಟದಷ್ಟು. ಆದರೆ ಫೈನಲ್‌ನಲ್ಲಿ ಚಿನ್ನ ಜಿತು ಅವರದು, ಓಂ ಅವರಿಗೆ ಕಂಚು. ಅದೇ ವರ್ಷ ಪಾಲೆಂಬಾಂಗ್‌ನಲ್ಲಿ ನಡೆದ ಏಷ್ಯನ್ ಗೇಮ್ಸ್ ಶೂಟಿಂಗ್‌ನಲ್ಲಿ 16 ವರ್ಷದ ಸೌರಭ್ ಚೌಧರಿ ಎರಡನ್ನೂ ಗೆದ್ದರು. ಅರ್ಹತಾ ಸುತ್ತಿನಲ್ಲಿ 586, ಫೈನಲ್‌ನಲ್ಲಿ 240.7. ಎಲ್ಲರೂ ಹೊಗಳಿದರು, ಹೊಗಳಬೇಕಾದ್ದೇ. ಮೂರು ವರ್ಷದ ನಂತರ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಅದೇ ಸೌರಭ್ ಅದೇ 586 ಹೊಡೆದು ಮೊದಲು ಬಂದರು. ಫೈನಲ್‌ನಲ್ಲಿ ಏಳನೇ ಸ್ಥಾನ. 16ರಲ್ಲಿ ಇದ್ದ ಧೈರ್ಯ 19ಕ್ಕೆ ಎಲ್ಲಿ ಹೋಯಿತು ಅಂತ ಕೇಳಿದವರಿದ್ದಾರೆ. ಪ್ರಶ್ನೆಯೇ ತಪ್ಪು. 586 ಹೊಡೆಯುವ ಹುಡುಗನಿಗೆ ಧೈರ್ಯ ಇಲ್ಲ ಅಂತ ಹೇಗೆ ಹೇಳುವುದು? ಇಷ್ಟು ಸಣ್ಣ ಅಂತರದ ಆಟದಲ್ಲಿ, ಇಷ್ಟು ಕಡಿಮೆ ಶಾಟ್‌ಗಳಲ್ಲಿ ಎರಡು ಮೂರು ಒಂಬತ್ತು ಬಿದ್ದರೆ ಸಾಕು, ಸ್ಥಾನ ಇಳಿದುಹೋಗುತ್ತದೆ.

ಕೆಟ್ಟ ಶಾಟ್ ಆದಮೇಲೂ ಎದ್ದು ಬರಬಹುದು ಅನ್ನುವುದಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ದಕ್ಷಿಣ ಕೊರಿಯಾದ ಜಿನ್ ಜೊಂಗ್-ಓ. 2016ರ ರಿಯೊ ಒಲಿಂಪಿಕ್ಸ್, 50 ಮೀಟರ್ ಪಿಸ್ತೂಲ್ ಫೈನಲ್. ಒಂಬತ್ತನೇ ಶಾಟ್ 6.6! ಆ ಮಟ್ಟದಲ್ಲಿ ಅಂಥ ಶಾಟ್ ಬಿದ್ದವನು ಮನೆಗೆ ಹೋದ ಅಂತಲೇ ಲೆಕ್ಕ. ಅವರು ಹೋಗಲಿಲ್ಲ. ಒಬ್ಬೊಬ್ಬರನ್ನೇ ದಾಟಿಕೊಂಡು ಬಂದು 193.7ರ ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದರು. ಅದೇ ಸ್ಪರ್ಧೆಯಲ್ಲಿ ಅದು ಅವರ ಸತತ ಮೂರನೇ ಒಲಿಂಪಿಕ್ ಚಿನ್ನ. ನಿಮ್ಮ ಮಗನಿಗೆ ಈ ಫೈನಲ್ ತೋರಿಸಿ. 6.6 ಆದ ಮೇಲಿನ ಶಾಟ್‌ಗಳನ್ನು ಮುಖ್ಯವಾಗಿ ನೋಡಲಿ.

ಸರಬ್ಜೋತ್ ಅವರ ಕಥೆಯೂ ಹಾಂಗ್‌ಝೌನಲ್ಲಿ ಮುಗಿಯಲಿಲ್ಲ. ಎರಡು ದಿನ ಬಿಟ್ಟು, ಸೆಪ್ಟೆಂಬರ್ 30ರಂದು, ಅವರ ಹುಟ್ಟುಹಬ್ಬದ ದಿನವೇ ಮಿಶ್ರ ತಂಡದ ಫೈನಲ್ ಇತ್ತು. ಜೊತೆಗಿದ್ದವರು ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. ಆ ವರ್ಷ ಮೇ ತಿಂಗಳಲ್ಲಿ ಬಾಕು ವಿಶ್ವಕಪ್‌ನಲ್ಲಿ ಇದೇ ಜೋಡಿ ಸರ್ಬಿಯಾದ ಬಲಾಢ್ಯ ಜೋಡಿಯನ್ನು 16-14ರಿಂದ ಸೋಲಿಸಿ ಚಿನ್ನ ಗೆದ್ದಿತ್ತು. ಹಾಂಗ್‌ಝೌನಲ್ಲಿ ಚೀನಾದ ಎದುರು ಅದೇ 14-16 ನಮ್ಮ ವಿರುದ್ಧ ಬಂತು, ಬೆಳ್ಳಿ ಸಿಕ್ಕಿತು. ಮುಂದಿನ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನ ವೈಯಕ್ತಿಕ ಅರ್ಹತಾ ಸುತ್ತಿನಲ್ಲಿ ಸರಬ್ಜೋತ್ 577 ಹೊಡೆದರು. ಜರ್ಮನಿಯ ರಾಬಿನ್ ವಾಲ್ಟರ್ ಕೂಡ 577. ಇನ್ನರ್ ಟೆನ್ ಅವರದು 17, ಇವರದು 16. ಅವರು ಎಂಟನೆಯವರಾಗಿ ಫೈನಲ್‌ಗೆ ಹೋದರು, ಇವರು ಒಂಬತ್ತನೆಯವರಾಗಿ ಹೊರಗೆ ಉಳಿದರು. ಮೂರು ದಿನದ ನಂತರ ಮನು ಭಾಕರ್ ಜೊತೆ ಮಿಶ್ರ ತಂಡದ ಕಂಚು ಗೆದ್ದರು, ಕೊರಿಯಾ ಜೋಡಿಯ ಎದುರು 16-10. ಆ ಜೋಡಿಯಲ್ಲಿದ್ದ ಲೀ ವೊನ್-ಹೊ ಹಾಂಗ್‌ಝೌನ ವೈಯಕ್ತಿಕ ಬೆಳ್ಳಿ ವಿಜೇತರು.

ತಂಡದ ಚಿನ್ನವನ್ನು ಕೆಲವರು ಸ್ವಲ್ಪ ಕೆಳಗಿಟ್ಟು ಮಾತಾಡುವುದು ಕೇಳಿದ್ದೇನೆ. ಫೈನಲ್ ಇಲ್ಲ, ಸುಮ್ನೆ ಕೂಡಿಸಿದ ಲೆಕ್ಕ ಅಂತ. ನನಗದು ಒಪ್ಪಿಗೆಯಿಲ್ಲ. ಮೂವರಲ್ಲಿ ಒಬ್ಬರು ಹದಗೆಟ್ಟರೂ ಅಲ್ಲಿ ಪದಕ ಇಲ್ಲ. ಶಿವ ನರ್ವಾಲ್ ಅವರ 576 ಫೈನಲ್‌ಗೆ ಸಾಲಲಿಲ್ಲ, ಆದರೆ ಅದು 574 ಆಗಿದ್ದರೆ ಚಿನ್ನ ಚೀನಾಕ್ಕೆ ಹೋಗುತ್ತಿತ್ತು. ಫೈನಲ್ ಕೈತಪ್ಪುತ್ತಿದೆ ಅಂತ ಅನಿಸಿದ ಮೇಲೂ ಕೊನೆಯ ಶಾಟ್‌ವರೆಗೆ ಒಂದೊಂದು ಅಂಕಕ್ಕೂ ಗಮನ ಕೊಡುವುದು ಸುಲಭವಲ್ಲ. (ಶಿವ ಅವರ ಅಣ್ಣ ಮನೀಶ್ ನರ್ವಾಲ್ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲ್ ಚಿನ್ನ ಗೆದ್ದವರು.)

ಇನ್ನು ನಿಮ್ಮ ಮಗನ ವಿಷಯ. ಫೈನಲ್‌ನಲ್ಲಿ ಮಕ್ಕಳಿಗೆ ಏನಾಗುತ್ತದೆ ಅಂತ ಹೇಳುತ್ತೇನೆ.

ಪಿಸ್ತೂಲ್ ಹಿಡಿದ ಕೈ ಯಾವತ್ತೂ ಪೂರ್ತಿ ನಿಲ್ಲುವುದಿಲ್ಲ. ಒಲಿಂಪಿಕ್ ಚಾಂಪಿಯನ್ನರ ಕೈಯೂ ಅಲ್ಲಾಡುತ್ತದೆ. ಈ ಅಲ್ಲಾಟದಿಂದ ಆಗುವ ನಷ್ಟ ಕಡಿಮೆ. ಕೈಯೂ ಪಿಸ್ತೂಲೂ ಒಟ್ಟಿಗೆ 5 ಮಿ.ಮೀ. ಬದಿಗೆ ಸರಿದರೆ ಗುಂಡೂ ಸುಮಾರು 5 ಮಿ.ಮೀ. ಬದಿಗೆ ಬೀಳುತ್ತದೆ, ಅದು ಇನ್ನೂ ಹತ್ತೇ. ಆದರೆ ಪಿಸ್ತೂಲ್ ಓರೆಯಾದರೆ ಕಥೆ ಬೇರೆ. ಗುರಿ ಹಿಡಿಯಲು ಪಿಸ್ತೂಲ್ ಮೇಲೆ ಎರಡು ಸೈಟ್ ಇರುತ್ತವೆ: ಹಿಂದಿನದು ಒಂದು ಕಂಡಿ, ಮುಂದಿನದು ಒಂದು ಪುಟ್ಟ ಕಡ್ಡಿ. ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ ಹೆಚ್ಚುಕಡಿಮೆ 33 ಸೆಂ.ಮೀ. ಅಂತರ. ಗುರಿ ಇರುವುದು ಅದರ ಮೂವತ್ತು ಪಟ್ಟು ದೂರದಲ್ಲಿ. ಹಿಂದಿನ ಸೈಟ್‌ನ ಕಂಡಿಯಲ್ಲಿ ಮುಂದಿನ ಸೈಟ್ ಬರೀ ಕಾಲು ಮಿಲಿಮೀಟರ್ ಪಕ್ಕಕ್ಕೆ ಹೋದರೆ ಗುರಿಯ ಮೇಲೆ ಅದು ಏಳೂವರೆ ಮಿ.ಮೀ. ಆಗುತ್ತದೆ. ಹತ್ತರ ಗಡಿ ಇರುವುದು ಎಂಟಕ್ಕೆ. ಹಾಗಾಗಿ ಶೂಟರ್‌ನ ಕಣ್ಣು ಮುಂದಿನ ಸೈಟ್ ಮೇಲೆ ಇರಬೇಕು. ಕಪ್ಪು ಗುರಿ ಮಸುಕಾಗಿ ಕಂಡರೆ ಪರವಾಗಿಲ್ಲ, ಮಸುಕಾಗಿಯೇ ಕಾಣಬೇಕು.

ಫೈನಲ್‌ಗೆ ಬಂದ ಹುಡುಗ ಏನು ಮಾಡುತ್ತಾನೆ? ಪ್ರತಿ ಶಾಟ್ ಆದಮೇಲೂ ಅಂಕ ಕಿವಿಗೆ ಬೀಳುತ್ತದೆ. ಪಕ್ಕದವನದು 10.6, ನನ್ನದು 10.1. ಅರ್ಹತಾ ಸುತ್ತಿನಲ್ಲಿ ಖುಷಿ ಕೊಡುತ್ತಿದ್ದ 10.1 ಈಗ ಸೋತ ಹಾಗೆ ಅನಿಸುತ್ತದೆ. ಮುಂದಿನ ಶಾಟ್ ನಟ್ಟನಡುವೆ ಬೀಳಲೇಬೇಕು ಅಂತ ಕೈಯನ್ನು ಕಲ್ಲಿನ ಹಾಗೆ ನಿಲ್ಲಿಸಲು ಹೋಗುತ್ತಾನೆ. ಅದು ನಿಲ್ಲುವುದಿಲ್ಲ. ಕಾಯುತ್ತಾನೆ. ಎಂಟು ಸೆಕೆಂಡ್, ಹತ್ತು, ಹನ್ನೆರಡು. ಉಸಿರು ಸಾಲದೆ ಕಣ್ಣು ಮಂಜಾಗುತ್ತದೆ, ನೋಟ ಸೈಟ್ ಬಿಟ್ಟು ಗುರಿಗೆ ಜಾರುತ್ತದೆ. ಅಷ್ಟರಲ್ಲಿ ಸೈಟ್ ನಡುವಿಗೆ ಬಂದಂತೆ ಕಾಣುತ್ತದೆ, 'ಈಗ!' ಅಂತ ಟ್ರಿಗರ್ ಎಳೆದುಬಿಡುತ್ತಾನೆ. ಆ ಎಳೆತಕ್ಕೆ ಪಿಸ್ತೂಲ್ ಓರೆಯಾಗುತ್ತದೆ. 8.7. ನೋಡುವವರಿಗೆ ಹೆದರಿದ ಅನಿಸುತ್ತದೆ. ಅವನು ಮಾಡಿದ್ದು ಹೆಚ್ಚು ಒಳ್ಳೆಯ ಶಾಟ್ ಹೊಡೆಯಲು ಹೋಗಿ ತನ್ನ ಎಂದಿನ ಶಾಟ್ ಬಿಟ್ಟುಕೊಟ್ಟದ್ದು.

ಇದಕ್ಕೆ ಮದ್ದು ಅಭ್ಯಾಸದಲ್ಲೇ ಇದೆ. ಮನೆಯಲ್ಲಿ ಬಿಳಿ ಗೋಡೆ ಅಥವಾ ಬಿಳಿ ಹಾಳೆ ನೋಡಿಕೊಂಡು, ಪೆಲೆಟ್ ಹಾಕದೆ, ಡ್ರೈ ಫೈರ್ ಮಾಡಲಿ. ಗುರಿಯೇ ಇಲ್ಲದಿದ್ದರೆ ಕಣ್ಣು ಸೈಟ್ ಬಿಟ್ಟು ಹೋಗಲು ಜಾಗವಿಲ್ಲ. ಟ್ರಿಗರ್ ಬಿಟ್ಟಾಗ ಮುಂದಿನ ಸೈಟ್ ಕಂಡಿಯಲ್ಲಿ ಅಲ್ಲಾಡಿತಾ ಇಲ್ವಾ ಅನ್ನುವುದಷ್ಟೇ ನೋಡಬೇಕು. ಟ್ರಿಗರ್ ತೂಕ 500 ಗ್ರಾಂಗಿಂತ ಕಡಿಮೆ ಇರಬಾರದು ಅಂತ ನಿಯಮ. ಅಷ್ಟನ್ನೂ ಒಂದೇ ಸಲ ಹಾಕದೆ, ಕೈ ಗುರಿಯತ್ತ ಇಳಿಯುವಾಗಲೇ ಬೆರಳು ಒಂದಿಷ್ಟು ಭಾರ ತೆಗೆದುಕೊಂಡಿರಬೇಕು. ಉಳಿದದ್ದು ಮೆಲ್ಲಗೆ.

ವಾರದಲ್ಲಿ ಒಂದು ದಿನ ಫೈನಲ್ ಅಭ್ಯಾಸ ಬೇರೆಯೇ ಇರಲಿ. 50 ಸೆಕೆಂಡ್ ಟೈಮರ್ ಇಟ್ಟು, ಒಬ್ಬರು ಜೋರಾಗಿ ಅಂಕ ಓದುತ್ತಾ, ಹಾಡು ಹಾಕಿಕೊಂಡು ಮಾಡಲಿ. ಫೈನಲ್‌ನಲ್ಲಿ ಜನ ಕೂಗುತ್ತಾರೆ, ಸಂಗೀತ ಇರುತ್ತದೆ, ಅದಕ್ಕೆಲ್ಲ ನಿಯಮದಲ್ಲೇ ಅವಕಾಶ ಇದೆ. ಇನ್ನೊಂದು ವಿಷಯವನ್ನು ಬಹಳ ಜನ ಅಭ್ಯಾಸ ಮಾಡುವುದಿಲ್ಲ. ಫೈನಲ್‌ನಲ್ಲಿ ಸೈಟಿಂಗ್ ಶಾಟ್ (ಲೆಕ್ಕಕ್ಕಿಲ್ಲದ ಪರೀಕ್ಷೆಯ ಶಾಟ್) ಮುಗಿದಮೇಲೆ ಪಿಸ್ತೂಲ್ ಕೆಳಗಿಟ್ಟು, ಪ್ರೇಕ್ಷಕರ ಕಡೆ ತಿರುಗಿ ನಿಲ್ಲಬೇಕು. ಎಂಟೂ ಜನರ ಪರಿಚಯ ಆಗುತ್ತದೆ. ಅಷ್ಟು ಹೊತ್ತು ಕೈ ಆರಿಹೋಗಿರುತ್ತದೆ, ಮೊದಲ ಶಾಟ್ ಹಾಗೇ ಹೊಡೆಯಬೇಕು. ಅಭ್ಯಾಸದಲ್ಲೂ ಸೈಟಿಂಗ್ ಆದಮೇಲೆ ಪಿಸ್ತೂಲ್ ಇಟ್ಟು ಒಂದೆರಡು ನಿಮಿಷ ಸುಮ್ಮನೆ ನಿಂತು, ಆಮೇಲೆ ಲೆಕ್ಕದ ಶಾಟ್ ಶುರು ಮಾಡಲಿ.

ಶಾಟ್ ತಡವಾಯಿತು ಅನಿಸಿದರೆ ಕೈ ಇಳಿಸುವುದನ್ನು ಕಲಿಸಿ. 50 ಸೆಕೆಂಡ್‌ನಲ್ಲಿ ಒಮ್ಮೆ ಇಳಿಸಿ ಮತ್ತೆ ಎತ್ತಲು ಸಮಯ ಸಾಕಾಗುತ್ತದೆ. ಎಷ್ಟೋ ಮಕ್ಕಳು ಫೈನಲ್‌ನಲ್ಲಿ ಇದನ್ನು ಮಾಡಲು ಹೆದರುತ್ತಾರೆ, ಎಲ್ಲರೂ ನೋಡುತ್ತಿದ್ದಾರೆ ಅಂತ. ಮನೆಗೆ ಬಂದಾಗ ನೀವೂ 'ಎಷ್ಟನೇ ಸ್ಥಾನ' ಅಂತ ಮೊದಲು ಕೇಳಬೇಡಿ. ಎಷ್ಟು ಸಲ ಕೈ ಇಳಿಸಿದೆ ಅಂತ ಕೇಳಿ.

ನಿಮ್ಮ ಕ್ಲಬ್‌ನಲ್ಲಿ ಎಲೆಕ್ಟ್ರಾನಿಕ್ ಗುರಿ ಇದ್ದರೆ ಅವನ ಎರಡು ಮೂರು ಮ್ಯಾಚ್‌ಗಳ ದಶಮಾಂಶ ಇರುವ ಪ್ರಿಂಟ್ ತೆಗೆಸಿಡಿ, ಅರ್ಹತಾ ಸುತ್ತಿನದು ಬೇರೆ, ಫೈನಲ್‌ದು ಬೇರೆ. ಒಂಬತ್ತು, ಎಂಟುಗಳು ಎತ್ತ ಬೀಳುತ್ತಿವೆ ಅಂತ ಗುರುತು ಹಾಕಿ. ಬಲಗೈಯವನಾಗಿದ್ದು ಫೈನಲ್‌ನಲ್ಲಿ ಮಾತ್ರ ಅವು ಎಡಕ್ಕೆ, ಕೆಳಕ್ಕೆ ಹೋಗುತ್ತಿದ್ದರೆ ಟ್ರಿಗರ್ ಎಳೆಯುತ್ತಿದ್ದಾನೆ ಅಂತಲೇ ಬಹುಮಟ್ಟಿಗೆ ಹೇಳಬಹುದು. ಸುತ್ತಲೂ ಚೆದುರಿದ್ದರೆ ಕಣ್ಣು ಸೈಟ್ ಬಿಟ್ಟಿದೆ. ಎರಡಕ್ಕೂ ಅಭ್ಯಾಸ ಬೇರೆ ಬೇರೆ. ಆ ಹಾಳೆಗಳನ್ನು ಅವನ ಕೋಚ್ ಮುಂದೆ ಇಟ್ಟು ಮಾತಾಡಿ. ನನಗೂ ಒಂದು ಪ್ರತಿ ಕಳಿಸಿದರೆ ಖಂಡಿತ ನೋಡಿ ಹೇಳುತ್ತೇನೆ.